ನಿವೃತ್ತ ನರ್ಸಿಗೆ ರಜೆ ಎಲ್ಲಿ?
ನರ್ಸ್ ಕೆಲಸದಿಂದ ನಿವೃತ್ತಿಯಾದ ಹೆಂಗಸಿಗೆ ಸಂಬಳ ನಿಲ್ಲುತ್ತೆ, ಕೆಲಸ ನಿಲ್ಲಲ್ಲ. ಮನೇಲಿ ಮೊಮ್ಮಕ್ಕಳು, ಬಾಗಿಲಲ್ಲಿ ಬಿಪಿ ನೋಡಿಸಿಕೊಳ್ಳೋಕೆ ಬಂದ ಅಕ್ಕಪಕ್ಕದವರು. ಮೆಟ್ಟಿಲು ಹತ್ತಿ ಬಂದವರ ತೋಳಿಗೆ ಆಗಲೇ ಪಟ್ಟಿ ಸುತ್ತಿದರೆ ಅಂಕಿ ಏರಿಯೇ ಇರುತ್ತೆ. 5 ನಿಮಿಷ ಸುಮ್ಮನೆ ಕೂರಿಸಬೇಕು: ಬೆನ್ನಿಗೆ ಒರಗು, ಪಾದ ನೆಲದ ಮೇಲೆ, ತೋಳು ಎದೆಮಟ್ಟಕ್ಕೆ, ಕಾಲ ಮೇಲೆ ಕಾಲು ಬೇಡ. ಕಾಫಿ ಕುಡಿದಿದ್ದರೆ ಅರ್ಧ ಗಂಟೆ ತಡೀಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣಿಸುತ್ತೆ. ಬಟ್ಟೆ ಮೇಲೆ ಸುತ್ತೋದೂ ತಪ್ಪೇ. 1 ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡರ ಸರಾಸರಿ ಬರೆದಿಡಬೇಕು. ಇದೆಲ್ಲ ಸುಲಭ. ಕಷ್ಟ ಇರೋದು ಬಂದವರ ಮಾತು ನಿಲ್ಲಿಸೋದರಲ್ಲಿ! ಮನೆಯವರ ದೂರು ಹೇಳುತ್ತಲೇ ತೋಳು ಚಾಚಿದರೆ ಮೇಲಿನ ಅಂಕಿ ಸುಮಾರು 10 ಏರಿರುತ್ತೆ.