ಕ್ರಿಸ್ಮಸ್ ಅಲ್ಲಿ ಹೆಂಗ ಮಾಡಿದ್ರಿ?

ಡಿಸೆಂಬರ್ ತಿಂಗಳು ಹುಟ್ಟಿತೆಂದರೆ ಸಾಕು, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ನಮ್ಮ ವಿಜಯಪುರದ ಗಾಂಧಿ ಚೌಕದಲ್ಲಿ ಕಾಯಿಪಲ್ಲೆ ಚೀಲ ಹಿಡಿದು ನಿಂತಾಗ, ಮದುವೆ ಊಟದ ಪಂಕ್ತಿಯಲ್ಲಿ, ಆರಾಧನೆ ಮುಗಿದು ಚಪ್ಪಲಿ ಹುಡುಕುವಾಗ. “ಅಕ್ಕಾರ, ನೀವು ಎರಡು ವರ್ಷ ಫಾರಿನ್‌ನಾಗ ಮಿಶನರಿ ಆಗಿ ಇದ್ರಲ್ಲ, ಕ್ರಿಸ್ಮಸ್ ಅಲ್ಲಿ ಹೆಂಗ ಮಾಡಿದ್ರಿ?”

ಕೇಳುವವರ ಕಣ್ಮುಂದೆ ಬರ್ಫ ಬಿದ್ದ ರಸ್ತೆ, ದೀಪ ಹಾಕಿದ ದೊಡ್ಡ ದೊಡ್ಡ ಅಂಗಡಿ ಇರುತ್ತವೆ. ನಾನು “ಇಥಿಯೋಪಿಯಾ” ಅಂದ ಕೂಡಲೇ “ಓ, ಆಫ್ರಿಕಾನೇನ್ರಿ” ಅಂತ ದನಿ ತುಸು ಇಳಿಯುತ್ತದೆ. ನಿಂತ ಕಾಲಲ್ಲಿ ಹೇಳಿ ಮುಗಿಯುವ ಮಾತಲ್ಲವಾದ್ದರಿಂದ “ಚಲೋ ಮಾಡಿದ್ವಿ” ಎಂದು ಜಾರಿಕೊಂಡದ್ದೇ ಹೆಚ್ಚು. ಈ ಸಲ ಬರೆದೇ ಬಿಡೋಣ ಅಂತ ಕೂತಿದ್ದೇನೆ.

ಮೊದಲಿಗೆ, ಎರಡು ವರ್ಷ ಅಲ್ಲ, ಒಂದೂವರೆ ವರ್ಷ. ನಾನು ನರ್ಸ್ ಆಗಿ, ನಮ್ಮ ಮನೆಯವರು ಗಣಿತದ ಮಾಸ್ತರಾಗಿ ರಿಟೈರ್ ಆದವರು. ಮಕ್ಕಳ ಮದುವೆ ಮುಗಿದಿತ್ತು, ಮೊಣಕಾಲು ಇನ್ನೂ ಹೇಳಿದ ಮಾತು ಕೇಳುತ್ತಿದ್ದವು. ವಯಸ್ಸಾದ ದಂಪತಿಗಳನ್ನು ಹೀಗೆ ಹೊರದೇಶಕ್ಕೆ ಕಳಿಸುವ ಪದ್ಧತಿ ಕೆಲವು ಕ್ರೈಸ್ತ ಸಭೆಗಳಲ್ಲಿದೆ. ಪಗಾರ ಇಲ್ಲ, ಖರ್ಚು ನಮ್ಮ ಪೆನ್ಶನ್ನಿನದೇ. 2017ರ ಸೆಪ್ಟೆಂಬರ್ ಕೊನೆಗೆ ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಹೋಗಿ, ಅಲ್ಲಿಂದ ವಿಮಾನದಲ್ಲಿ ಅಡಿಸ್ ಅಬಾಬಾಕ್ಕೆ ಇಳಿದೆವು. ಇಳಿದಾಗ ಅಲ್ಲಿ 2010ನೇ ಇಸವಿ ನಡೆದಿತ್ತು! ಅವರ ಪಂಚಾಂಗ ನಮ್ಮ ಕ್ಯಾಲೆಂಡರಿಗಿಂತ ಏಳೆಂಟು ವರ್ಷ ಹಿಂದೆ, ವರ್ಷಕ್ಕೆ 13 ತಿಂಗಳು. “ಏಳು ವರ್ಷ ಸಣ್ಣವರಾದ್ವಿ ನೋಡು, ರಿಟೈರ್‌ಮೆಂಟ್ ಕ್ಯಾನ್ಸಲ್” ಎಂದು ಇವರು ಏರ್‌ಪೋರ್ಟಿನಲ್ಲೇ ನಕ್ಕರು.

ಗಡಿಯಾರವೂ ಬೇರೆ. ಅವರ ದಿನದ ಎಣಿಕೆ ಶುರುವಾಗುವುದು ಬೆಳಗಿನ ಆರಕ್ಕೆ. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. “ಮೂರು ಗಂಟೆಗೆ ಹಾಡಿನ ಪ್ರ್ಯಾಕ್ಟೀಸ್” ಅಂದಿದ್ದಕ್ಕೆ ನಾವು ಉಂಡು, ಒಂದು ನಿದ್ದೆ ಮಾಡಿ, ಮಧ್ಯಾಹ್ನ ಮೂರಕ್ಕೆ ಹೋಗಿ ಬಾಗಿಲಿನ ಬೀಗ ನೋಡಿಕೊಂಡು ಬಂದೆವು. ಅವರು ಹೇಳಿದ ಮೂರು ನಮ್ಮ ಬೆಳಗಿನ ಒಂಬತ್ತು.

ಇದರ ಜೊತೆಗೇ ಬರುವ ಇನ್ನೊಂದು ಪ್ರಶ್ನೆ: “ಅಲ್ಲಿ ಮಂದೀನ ಕ್ರಿಶ್ಚನ್ ಮಾಡಾಕ ಹೋಗಿದ್ರೇನು?” ಇದಕ್ಕೆ ಮಾತ್ರ ನನಗೆ ನಗು ಬರುತ್ತದೆ. ಆ ನಾಡಿನ ಅಕ್ಸುಮ್ ರಾಜ ಎಜಾನಾ ಕ್ರೈಸ್ತನಾದದ್ದು ನಾಲ್ಕನೇ ಶತಮಾನದಲ್ಲಿ. ನಮ್ಮ ಬಾದಾಮಿಯ ಮೂರನೇ ಗುಹೆ ಕೊರೆಸಿದ್ದು 578ರಲ್ಲಿ. ಅದಕ್ಕೂ ಎರಡು ಶತಮಾನ ಮೊದಲೇ ಅವರು ನಾಣ್ಯದ ಮೇಲೆ ಶಿಲುಬೆ ಅಚ್ಚು ಹಾಕಿದವರು. ಅವರಿಗೆ ನಾವು ಹೇಳಿಕೊಡುವುದೇನು? ಇವರು ಸಭೆಯ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟರು. ನಾನು ಹುಡುಗಿಯರಿಗೆ ಗಾಯಕ್ಕೆ ಪಟ್ಟಿ ಕಟ್ಟುವುದು, ಬಾಣಂತಿಯ ಆರೈಕೆ, ಕೈ ತೊಳೆಯುವ ಕ್ರಮ ಕಲಿಸಿದೆ. ಅಷ್ಟೇ ನಮ್ಮ ಮಿಶನ್.

ಹೋಗುವಾಗ ನನ್ನ ಬ್ಯಾಗಿನಲ್ಲಿ ಎರಡು ಕಿಲೋ ಗುರೆಳ್ಳು ಚಟ್ನಿ, ಒಂದು ಕಿಲೋ ಶೇಂಗಾ ಚಟ್ನಿ. ವಿಜಯಪುರದವಳು ಮತ್ತೇನು ಒಯ್ದಾಳು? ತಿಂಗಳೊಪ್ಪತ್ತಿನಲ್ಲೇ ಮೆರ್ಕಾಟೊ ಎಂಬ ಅಲ್ಲಿನ ದೊಡ್ಡ ಸಂತೆಗೆ ಹೋದಾಗ ಒಂದು ಕಾಳಿನಂಗಡಿಯ ಮುಂದೆ ನಿಂತುಬಿಟ್ಟೆ. ಚೀಲದ ತುಂಬ ಕರ್ರಗೆ ಮಿಂಚುವ ಗುರೆಳ್ಳು. ಅವರು ಅದಕ್ಕೆ ‘ನೂಗ್’ ಎನ್ನುತ್ತಾರೆ. ಎಣ್ಣೆ ತೆಗೆಯುತ್ತಾರೆ, ಹುರಿದು ಕುಟ್ಟಿ ನೀರಿನಲ್ಲಿ ಕದಡಿ, ಆ ರಸಕ್ಕೆ ಇಂಜೆರಾ ಎಂಬ ಹುಳಿ ಹಿಟ್ಟಿನ ದೊಡ್ಡ ದೋಸೆಯಂಥದ್ದನ್ನು ಮುರಿದು ಹಾಕಿ ತಿನ್ನುತ್ತಾರೆ. ಇವರು ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿ ಹೇಳಿದರು: ಗುರೆಳ್ಳಿನ ಶಾಸ್ತ್ರೀಯ ಹೆಸರಿನಲ್ಲೇ ‘ಅಬಿಸ್ಸಿನಿಕಾ’ ಎಂದಿದೆಯಂತೆ. ಅಬಿಸ್ಸಿನಿಯಾ ಎಂದರೆ ಇಥಿಯೋಪಿಯಾದ ಹಳೆಯ ಹೆಸರು. ನಮ್ಮ ಜೋಳವೂ ಮೂಲದಲ್ಲಿ ಆ ಕಡೆಯದೇ, ಸುಡಾನ್ ಇಥಿಯೋಪಿಯಾ ಸೀಮೆಯದು. ಎಷ್ಟೋ ಸಾವಿರ ವರ್ಷದ ಹಿಂದೆ ಅವರ ಹೊಲದಿಂದ ನಮ್ಮ ಎರಿ ಹೊಲಕ್ಕೆ ಬಂದದ್ದನ್ನು ನಾನು ಕುಟ್ಟಿ, ಪ್ಯಾಕೆಟ್ ಕಟ್ಟಿ, ಲಗೇಜಿಗೆ ದುಡ್ಡು ಕೊಟ್ಟು ವಾಪಸ್ ಹೊತ್ತಿದ್ದೆ.

“ನಿನ್ನ ಚಟ್ನಿದೂ ನಮ್ಮ ಮಿಶನ್ ಕೆಲಸದ್ದೂ ಒಂದ ಕಥಿ” ಅಂದರು ಇವರು.

ಇರಲಿ, ಹಬ್ಬಕ್ಕೆ ಬರುತ್ತೇನೆ.

2017ರ ಡಿಸೆಂಬರ್ 25 ಸೋಮವಾರ. ಅಲ್ಲಿ ಅದು ಹಬ್ಬವೇ ಅಲ್ಲ. ಅಂಗಡಿ ತೆರೆದಿದ್ದವು, ಮಿನಿಬಸ್ಸಿನ ಹುಡುಗರು ಊರ ಹೆಸರು ಕೂಗುತ್ತಿದ್ದರು, ಇವರು ಎಂದಿನಂತೆ ಚಾಕ್‌ಪೀಸ್ ಹಿಡಿದು ಶಾಲೆಗೆ ಹೋದರು. ಇಥಿಯೋಪಿಯಾದಲ್ಲಿ ಕ್ರಿಸ್ತ ಜಯಂತಿ ಬರುವುದು ಅವರ ತಹ್ಸಾಸ್ ತಿಂಗಳ 29ಕ್ಕೆ, ಅಂದರೆ ನಮ್ಮ ಜನವರಿ 7ಕ್ಕೆ. ಅದಕ್ಕೆ ‘ಗೆನ್ನಾ’ ಎನ್ನುತ್ತಾರೆ. ಹಳೆಯ ಜೂಲಿಯನ್ ಪಂಚಾಂಗಕ್ಕೂ ನಮ್ಮ ಈಗಿನ ಕ್ಯಾಲೆಂಡರಿಗೂ ಬಿದ್ದಿರುವ 13 ದಿನದ ಅಂತರ ಅದು. ನನಗೆ ಮೊದಲೇ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, 25ನೇ ತಾರೀಖು ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ಎಲ್ಲೂ ಒಂದು ನಕ್ಷತ್ರ ತೂಗುಬಿಟ್ಟಿಲ್ಲ ಎಂಬುದು ಬೇರೆ. ಊರಿನಲ್ಲಾದರೆ ಹಿಂದಿನ ವಾರವೇ ಕರ್ಚಿಕಾಯಿ, ಚಕ್ಕುಲಿ, ಶಂಕರಪೋಳಿ ಡಬ್ಬಿ ತುಂಬಿರುತ್ತಿದ್ದವು. ನಡುರಾತ್ರಿ ಕ್ಯಾರೋಲ್ ಹುಡುಗರು ಬಾಗಿಲು ಬಡಿಯುತ್ತಿದ್ದರು. ಪಕ್ಕದ ಮನೆಯ ಭಾಭಿ “ಸಿಸ್ಟರ್, ನಮ್ಮ ಪಾಲಿನ ಕೇಕ್ ಎಲ್ಲಿ?” ಅನ್ನುತ್ತಿದ್ದರು.

ಸುಮ್ಮನೆ ಕೂರಲಾರದೆ ಕೇಕ್ ಮಾಡಿದೆ. ಓವನ್ ಇರಲಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ಉಸುಕು ಹಾಕಿ, ಅದರೊಳಗೆ ಡಬ್ಬಿ ಇಟ್ಟು ಬೇಯಿಸಿದೆ. 2,300 ಮೀಟರಿಗೂ ಎತ್ತರದ ಊರು, ನಮ್ಮ ವಿಜಯಪುರದ ಲೆಕ್ಕ ಅಲ್ಲಿ ನಡೆಯದು. ಕೇಕ್ ಭರ್ರನೆ ಉಬ್ಬಿ ನಡುವೆ ಕುಸಿದು ಕುಣಿಯಂತಾಯಿತು. ಆದರೂ ಒಣದ್ರಾಕ್ಷಿ, ಬೆಣ್ಣೆ, ನಾಲ್ಕು ಮೊಟ್ಟೆ ಹಾಕಿದ ಕೇಕು, ರುಚಿಗೇನೂ ಕಡಿಮೆ ಇರಲಿಲ್ಲ. ಒಂದು ದೊಡ್ಡ ತುಂಡನ್ನು ತಟ್ಟೆಯಲ್ಲಿಟ್ಟು ಮನೆ ಮಾಲಕಿಗೆ ಒಯ್ದು ಕೊಟ್ಟೆ. ಎಪ್ಪತ್ತು ದಾಟಿದ ಹೆಣ್ಣುಮಗಳು. ಓಣಿಯವರೆಲ್ಲ ಆಕೆಯನ್ನು ‘ಎಮಾಮಾ’ ಎಂದು ಕರೆಯುತ್ತಿದ್ದರು. ಹಿರಿಯ ಹೆಂಗಸರಿಗೆ ಹೇಳುವ ಮಾತು ಅದು, ನಮ್ಮಲ್ಲಿ ಅಮ್ಮಾರು ಅಂದಂತೆ. ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡು, ತಲೆಬಾಗಿ, ಒಳಗೆ ಒಯ್ದರು. ತಿನ್ನಲಿಲ್ಲ. ನನ್ನ ಮುಖ ಸಣ್ಣದಾಯಿತು.

ಸಂಜೆ ಶಾಲೆಯಿಂದ ಬಂದ ಇವರು ಕೇಳಿ ಹಣೆ ಚಚ್ಚಿಕೊಂಡರು. ಅಲ್ಲಿನ ಆರ್ಥೊಡಾಕ್ಸ್ ಸಭೆಯವರಿಗೆ ಗೆನ್ನಾ ಮುಂಚೆ 43 ದಿನ ಉಪವಾಸ. ಮಧ್ಯಾಹ್ನದ ತನಕ ಏನೂ ಮುಟ್ಟರು. ಆಮೇಲೂ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ. ಇಂಜೆರಾ ಜೊತೆಗೆ ಕಾಳು, ಸೊಪ್ಪು, ಇಲ್ಲವೆಂದರೆ ಶಿರೋ. ಶಿರೋ ಅಂದರೆ ನಮ್ಮ ಪಿಟ್ಲವನ್ನು ತುಸು ತೆಳ್ಳಗೆ ಮಾಡಿದರೆ ಹೇಗಿರುತ್ತದೋ ಹಾಗೆ. ಅಂಥ ವ್ರತದ ನಟ್ಟನಡುವೆ ನಾನು ಮೊಟ್ಟೆ ಬೆಣ್ಣೆಯ ಕೇಕ್ ಒಯ್ದು ಕೊಟ್ಟು, ತಿನ್ನಲಿಲ್ಲವೆಂದು ಮುನಿಸಿಕೊಂಡಿದ್ದೆ. ವಾಪಸ್ ಕೇಳುವ ಹಾಗೂ ಇಲ್ಲ.

ಆ ರಾತ್ರಿ ನಾವಿಬ್ಬರೇ ಕೋಣೆಯಲ್ಲಿ ಕೂತು ಅವ್ವನ ಹಳೆಯ ಸಂಗೀತ ಪುಸ್ತಕದಿಂದ ಮೂರು ಹಾಡು ಹಾಡಿದೆವು. ಮೂರನೆಯದಕ್ಕೆ ನನ್ನ ದನಿ ನಿಂತಿತು. ಅಜ್ಜಿ ನೆನಪಾದಳು. ನನ್ನ ತವರು ಗುಳೇದಗುಡ್ಡ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು 1851ರಲ್ಲಿ ಬಂದು ನೆಲೆ ಮಾಡಿದ ಊರು. ಆ ದೊರೆಸಾನಿಯರು ಕ್ರಿಸ್ಮಸ್ಸಿಗೆ ಸರ್ವೆ ಗಿಡದ ಟೊಂಗೆ ಕಡಿಸಿ ತಂದು, ಮೇಣದಬತ್ತಿ ಅಂಟಿಸಿ, ಅದರ ಮುಂದೆ ಕೂತು ಕಣ್ಣೀರು ಹಾಕುತ್ತಿದ್ದರು ಅಂತ ಅಜ್ಜಿಗೆ ಅವಳ ಅವ್ವ ಹೇಳಿದ್ದಳಂತೆ. ಸಣ್ಣವಳಿದ್ದಾಗ “ಹಬ್ಬದ ದಿವಸ ಯಾಕ ಅಳತಿದ್ರು?” ಅಂತ ಕೇಳಿದರೆ ಅಜ್ಜಿ “ಅವರಿಗೆ ನಮ್ಮ ಬಿಸಿಲು ತಡೀತಿರಲಿಲ್ಲ” ಅನ್ನುತ್ತಿದ್ದಳು. ನಾನೂ ಅದನ್ನೇ ನಂಬಿದ್ದೆ, ಅರವತ್ತು ವರ್ಷ.

ಹದಿಮೂರು ದಿನ ಕಳೆಯಿತು. ಜನವರಿ 6ರ ರಾತ್ರಿ ಎಮಾಮಾ ನನಗೊಂದು ನೆತೆಲಾ ಎಂಬ ತೆಳು ಬಿಳಿ ಶಾಲು ಹೊದಿಸಿ ತಮ್ಮ ಗುಡಿಗೆ ಕರೆದೊಯ್ದರು. ಗುಡಿ ಅಂತಲೇ ಬಾಯಿಗೆ ಬರುತ್ತದೆ. ಬಾಗಿಲ ಹೊರಗೆ ಚಪ್ಪಲಿ ಬಿಡುವುದು, ಹೆಣ್ಣು ಗಂಡು ಬೇರೆ ಬೇರೆ ನಿಲ್ಲುವುದು, ಧೂಪದ ಹೊಗೆ, ಜರಿ ಕೊಡೆ ಹಿಡಿದ ಯಾಜಕರು. ಊರಿಗೆ ಊರೇ ಬಿಳಿ ಹೊದ್ದು ನಿಂತಿತ್ತು. ಕೆಬೆರೊ ಎಂಬ ದೊಡ್ಡ ಚರ್ಮವಾದ್ಯ, ಕೈಯಲ್ಲಿ ಝಣಝಣ ಅನ್ನುವ ಗೆಜ್ಜೆಯಂಥದ್ದು, ಉದ್ದ ಕೋಲಿಗೆ ಒರಗಿ ನಿಧಾನಕ್ಕೆ ತೂಗುತ್ತಾ ಹಾಡುವ ಗಂಡಸರು. ಅವರ ಆರಾಧನೆಯ ಹಳೆಯ ಭಾಷೆಯಾದ ಗೀಜ್‌ನ ಒಂದು ಅಕ್ಷರ ನನಗೆ ತಿಳಿಯಲಿಲ್ಲ. ಇಡೀ ರಾತ್ರಿ ನಿಂತೇ ಇರುವ ಆರಾಧನೆ. ನನ್ನ ಮೊಣಕಾಲು ನಡುರಾತ್ರಿಗೆ ಕೈಕೊಟ್ಟವು, ನಾವು ಮನೆಗೆ ಬಂದು ಮಲಗಿದೆವು. ಎಮಾಮಾ ಅಲ್ಲೇ ಉಳಿದರು.

ಬೆಳಗಿನ ನಾಲ್ಕಕ್ಕೆ ಬಾಗಿಲು ಬಡಿದ ಸದ್ದು. ಒಂದು ಗಳಿಗೆ ಕ್ಯಾರೋಲ್ ಹುಡುಗರೇ ಬಂದರು ಅನಿಸಿತು. ಎಮಾಮಾ ನಿಂತಿದ್ದರು, ಇನ್ನೂ ಬಿಳಿ ಹೊದಿಕೆಯಲ್ಲೇ. “ಎನ್ಕ್ವಾನ್ ಅದೆರೆಸಾಚಿಹು” ಅಂದರು. ಹಬ್ಬಕ್ಕೆ ಅಲ್ಲಿ ಹೇಳುವ ಮಾತು. ದೇವರು ನಿಮ್ಮನ್ನು ಈ ದಿನಕ್ಕೆ ಮುಟ್ಟಿಸಿದನಲ್ಲ, ಒಳ್ಳೆಯದಾಯಿತು ಎಂಬ ಅರ್ಥ. ಕೆಳಗೆ ಅವರ ಮನೆಯಲ್ಲಿ ನೆಲದ ತುಂಬ ಹಸಿ ಹುಲ್ಲು ಹಾಸಿದ್ದರು. ಮಕ್ಕಳು, ಮೊಮ್ಮಕ್ಕಳು, ಬುನಾ ಅಂದರೆ ಕಾಫಿ ಹುರಿಯುವ ವಾಸನೆ. ನಡುವೆ ಪರಾತದಷ್ಟು ಅಗಲದ ಇಂಜೆರಾ ಮೇಲೆ ದೋರೊ ವೊತ್. ಅದರ ಕತೆ ಹೇಳಲೇಬೇಕು. ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಎಣ್ಣೆ ಹಾಕದೆ ತಾಸುಗಟ್ಟಲೆ ಬೇಯಿಸಿ, ಬ್ಯಾಡಗಿ ಬಣ್ಣದ ಬೆರ್ಬೆರೆ ಖಾರ, ಮಸಾಲೆ ಹಾಕಿ ಕಾಸಿದ ತುಪ್ಪ, 12 ತುಂಡು ಮಾಡಿದ ಕೋಳಿ, ಇಡಿಯಾಗಿ ಬೇಯಿಸಿದ ಮೊಟ್ಟೆ. ಹಿಂದಿನ ದಿನದಿಂದಲೇ ಓಣಿಯಲ್ಲಿ ಈರುಳ್ಳಿ ಘಮ ತುಂಬಿತ್ತು. ಎಲ್ಲರೂ ಒಂದೇ ತಟ್ಟೆಗೆ ಕೈ ಹಾಕುವುದು, ಎಳ್ಳಮಾಸಿಗೆ ಹೊಲದಲ್ಲಿ ಕೂತು ಉಂಡಂತೆ.

ಆದರೆ ಎಮಾಮಾ ಕೋಳಿಗೆ ಕೈ ಹಾಕಲಿಲ್ಲ. ಒಳಗೆ ಹೋಗಿ ನನ್ನ ತಟ್ಟೆ ತಂದರು. ಅದೇ ಕೇಕು, ನಡುವೆ ಕುಸಿದದ್ದು, ಪ್ಲಾಸ್ಟಿಕ್ ಸುತ್ತಿ 13 ದಿನ ಫ್ರಿಜ್ಜಿನಲ್ಲಿ ಇಟ್ಟಿದ್ದರು. ಮನೆಯಲ್ಲಿ ಸಣ್ಣ ಮಕ್ಕಳಿದ್ದೂ ಯಾರೂ ಮುಟ್ಟಿರಲಿಲ್ಲ. ಮೊದಲ ಚೂರನ್ನು ಮುರಿದು ನನ್ನ ಬಾಯಿಗೇ ಇಟ್ಟರು. ಅಲ್ಲಿ ಅದಕ್ಕೆ ‘ಗುರ್ಶಾ’ ಎನ್ನುತ್ತಾರೆ, ತಮ್ಮ ಕೈಯಾರೆ ಇನ್ನೊಬ್ಬರಿಗೆ ಇಡುವ ತುತ್ತು. ಬೇಡ ಅನ್ನುವ ಹಾಗಿಲ್ಲ. ಕೇಕು ಗಟ್ಟಿಯಾಗಿತ್ತು. ನಾನು ಜಗಿಯುತ್ತಲೇ ಅತ್ತೆ, ಮೊಮ್ಮಕ್ಕಳು ಖಾರ ಹತ್ತಿತೆಂದು ನೀರು ತಂದುಕೊಟ್ಟವು.

ಮಧ್ಯಾಹ್ನ ಬಯಲಿನಲ್ಲಿ ಹುಡುಗರ ಗೆನ್ನಾ ಆಟ. ತುದಿ ಬಾಗಿದ ಕೋಲು, ಒಂದು ಚೆಂಡು, ನಮ್ಮ ಹಾಕಿಯನ್ನು ನಿಯಮವಿಲ್ಲದೆ ಆಡಿದಂತೆ. ಕ್ರಿಸ್ತ ಹುಟ್ಟಿದ ಸುದ್ದಿ ಕೇಳಿ ಕುರುಬರು ಖುಷಿಗೆ ಕೋಲಿನಿಂದ ಆಡಿದರಂತೆ, ಅದೇ ಆಟ ಅಂತ ಅವರ ನಂಬಿಕೆ. ಲೆಕ್ಕದಲ್ಲಿ ದಿನಾ ಬೈಸಿಕೊಳ್ಳುತ್ತಿದ್ದ ಒಬ್ಬ ಹುಡುಗ ಬೀಸಿದ ಚೆಂಡು ಬಂದು ಇವರ ಮೊಣಕಾಲ ಕೆಳಗೆ ಬಡಿಯಿತು. ಇವರು ಕಣ್ಣು ಕೆಂಪಗೆ ಮಾಡಿದರೆ ಸುತ್ತಲಿನವರೆಲ್ಲ ಒಂದೇ ದನಿಯಲ್ಲಿ ಒಂದು ಗಾದೆ ಹೇಳಿ ನಕ್ಕರು: ಗೆನ್ನಾ ಆಟದಲ್ಲಿ ಧಣಿ ಸಿಟ್ಟಾಗುವಂತಿಲ್ಲ. ಮಾಸ್ತರಿಗೂ ವಿನಾಯಿತಿ ಇಲ್ಲ. ಅದೇ ಹುಡುಗರಿಗೆ ಇವರು ಮುಂದೆ ನಮ್ಮ ಊರಿನ ಇಖ್ಲಾಸ್ ಖಾನನ ಕತೆ ಹೇಳಿದರು. ಗೋಳಗುಮ್ಮಟದಲ್ಲಿ ಮಲಗಿರುವ ಮಹಮ್ಮದ್ ಆದಿಲ್ ಶಾಹನ ಕಾಲಕ್ಕೆ ವಿಜಯಪುರದಲ್ಲಿ ಆಡಳಿತವನ್ನೇ ಕೈಯಲ್ಲಿ ಹಿಡಿದಿದ್ದ ಹಬಶಿ ಅವನು, ಹಬಶಿ ಅಂದರೆ ಆ ಹುಡುಗರ ಕಡೆಯವನೇ. ಲೆಕ್ಕಕ್ಕಿಂತ ಅದನ್ನೇ ಹುಡುಗರು ಚೆನ್ನಾಗಿ ನೆನಪಿಟ್ಟುಕೊಂಡರು.

ಎರಡನೇ ವರ್ಷದ್ದು ಬೇಗ ಹೇಳಿಬಿಡುತ್ತೇನೆ. 2018ರ ಡಿಸೆಂಬರ್ 25ಕ್ಕೆ ನಾನು ಕೇಕ್ ಮಾಡಲಿಲ್ಲ. ಮೆರ್ಕಾಟೊದಿಂದ ಶೇಂಗಾ, ಬೆಲ್ಲದಂಥ ಕಂದು ಸಕ್ಕರೆ ತಂದು ಉಂಡಿ ಕಟ್ಟಿದೆ, ತುಪ್ಪ ಸೋಕಿಸದೆ. ಗುರೆಳ್ಳು ಹುರಿದು ಬಳ್ಳೊಳ್ಳಿ, ಒಣಖಾರ, ಉಪ್ಪು ಹಾಕಿ ಕುಟ್ಟಿದೆ. ಎರಡೂ ವ್ರತಕ್ಕೆ ನಡೆಯುತ್ತವೆ. ಎಮಾಮಾ ಚಟ್ನಿ ನಾಲಿಗೆಗೆ ಇಟ್ಟುಕೊಂಡು “ನೂಗ್!” ಎಂದು ಕೂಗಿ, ಇದರಲ್ಲಿ ಬಳ್ಳೊಳ್ಳಿ ಯಾಕೆ ಹಾಕಿದೆ ಅಂತ ಕೈಸನ್ನೆಯಲ್ಲೇ ಜಗಳ ತೆಗೆದರು. ಉಂಡಿ ಅಲ್ಲಿಯೇ ಖಾಲಿ. ಆ ಸಲ ನಾನು 25ಕ್ಕೆ ಅಳಲಿಲ್ಲ, ಏಳನೇ ತಾರೀಖಿಗೆ ದಿನ ಎಣಿಸುತ್ತಿದ್ದೆ.

2019ರ ಮಾರ್ಚಿನಲ್ಲಿ ಊರಿಗೆ ಬಂದೆವು. ಈಗ 25ಕ್ಕೆ ಎಲ್ಲ ಸರಿಯಾಗಿಯೇ ಇರುತ್ತದೆ: ನಕ್ಷತ್ರ, ಗೋದಲಿ, ಕರ್ಚಿಕಾಯಿ, ಭಾಭಿಯ ಪಾಲಿನ ಕೇಕು. ಜನವರಿ 7 ಮಾತ್ರ ಇಲ್ಲಿ ಯಾರಿಗೂ ಏನೂ ಅಲ್ಲ. ಸಿದ್ಧೇಶ್ವರ ಜಾತ್ರೆಗೆ ಅಂಗಡಿ ಹಾಕುವ ಗಡಿಬಿಡಿ, ಕುಸರೆಳ್ಳಿನ ಮಾತು. ಮೊದಲ ವರ್ಷ ಸೊಸೆ ಫ್ರಿಜ್ ಒರೆಸುತ್ತಾ ಕೇಳಿದಳು, “ಅತ್ತಿ, ಈ ಡಬ್ಬ್ಯಾಗ ಒಂದ ತುಂಡು ಕೇಕ್ ಉಳದೈತ್ರಿ, ಗಟ್ಟಿ ಆಗಾಕತ್ತೈತಿ. ತಗದು ಹುಡುಗರಿಗೆ ಕೊಡ್ಲೇನು?”

“ಇರಲಿ ಬಿಡವಾ” ಅಂದೆ. “ಏಳನೇ ತಾರೀಖಿಗೆ ನಾನ ಕೊಡತೀನಿ.”