ಮೂರು ಮನೆಗೆ ಅನುಮತಿ ಸಿಕ್ಕಿತು, ಜಾಗ ಸಿಗಲಿಲ್ಲ

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 2018ರಲ್ಲಿ ಅಂಗಳಗಳ ತುಂಬ ಕೆಂಪು ಫಲಕ: ನಮ್ಮ ಬಡಾವಣೆಗೆ ಬುಲ್ಡೋಜರ್ ಬೇಡ. ಸಿಟ್ಟು ನಗರದ ಹೊಸ ಯೋಜನೆಯ ಮೇಲೆ; ಅದರಡಿ ಒಂಟಿ ಮನೆಯ ಸೈಟಿನಲ್ಲಿ ಮೂರು ಮನೆ ಕಟ್ಟಲು 2020ರಿಂದ ಅವಕಾಶವಾಯಿತು. ಆದರೂ ಹಾಗೆ ಕಟ್ಟಿದವರು ತೀರಾ ಕಡಿಮೆ.

ಕಾರಣ ಲೆಕ್ಕದಲ್ಲೇ ಇದೆ. ಹಲವು ಒಳಬಡಾವಣೆಗಳಲ್ಲಿ ಎಫ್‌ಎಆರ್, ಅಂದರೆ ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಡ ಕಟ್ಟಬಹುದೆಂಬ ಮಿತಿ, 0.5ರಲ್ಲೇ ನಿಂತಿತು. 5,000 ಚದರಡಿ ಸೈಟಿಗೆ 2,500 ಚದರಡಿ ಕಟ್ಟಡ; ಮೂರು ಪಾಲಾದರೆ ತಲಾ 833. ಅದರಲ್ಲೇ ಮೆಟ್ಟಿಲು, ಗೋಡೆ ಕಳೆಯಬೇಕು. ಹಳೇ ಮನೆ ಕೆಡವಿ ಇಷ್ಟಕ್ಕೆ ಕಟ್ಟಿದರೆ ಗಿಟ್ಟುವುದಿಲ್ಲ. ಎಫ್‌ಎಆರ್ ಮುಟ್ಟದೆ ಮನೆಗಳ ಸಂಖ್ಯೆಯನ್ನಷ್ಟೇ ಏರಿಸಿದ್ದು ಅರ್ಧ ಸುಧಾರಣೆ ಎಂದೇ ನನ್ನ ಖಚಿತ ಅಭಿಪ್ರಾಯ.

ವಿರೋಧಿಗಳು ಪರಿಸರ ಕಾನೂನು ಹಿಡಿದು ಕೋರ್ಟಿಗೆ ಹೋದರು. 2022ರಲ್ಲಿ ಯೋಜನೆಗೆ ತಡೆ ಬಿತ್ತು. 2024ರಲ್ಲಿ ಮಿನಿಯಾಪೊಲಿಸ್ ಇರುವ ಮಿನ್ನೆಸೋಟ ರಾಜ್ಯದ ಶಾಸಕಾಂಗವೇ ಕಾನೂನು ತಿದ್ದಿ ದಾರಿ ಬಿಡಿಸಬೇಕಾಯಿತು.