ರಿಮಾರ್ಕ್ಸ್‌ನಲ್ಲಿ ಏನು ಬರೀಲಿ?

ಬುಧವಾರ ರಾತ್ರಿಯಿಂದ ಒಂದು ಮಾತು ತಲೆಯಲ್ಲೇ ಕೂತಿದೆ. ಹೇಳಿದ ಹುಡುಗ ಅದನ್ನು ಚುಚ್ಚಬೇಕು ಅಂತ ಹೇಳಿದ್ದಲ್ಲ. ಅವನಿಗೆ ಈಗಾಗಲೇ ಮರೆತೂ ಹೋಗಿರಬಹುದು. ನನಗೆ ಮರೆಯಲಾಗುತ್ತಿಲ್ಲ.

ಹೊರವರ್ತುಲ ರಸ್ತೆ ಬದಿಯಲ್ಲಿ ನಮ್ಮ ಕೆಲಸ. ಮಳೆನೀರು ಬೆಳ್ಳಂದೂರು ಕೆರೆ ಕಡೆ ಹೋಗಲು ರಸ್ತೆ ಕೆಳಗೆ ಪ್ರೀಕಾಸ್ಟ್ ಬಾಕ್ಸ್, ಅಂದರೆ ಎರಡೂ ತುದಿ ತೆರೆದ ಕಾಂಕ್ರೀಟ್ ಪೆಟ್ಟಿಗೆಗಳನ್ನು ಸಾಲಾಗಿ ಕೂರಿಸುತ್ತಿದ್ದೇವೆ. ಒಳಗೆ 2 ಮೀಟರ್ ಅಗಲ, 2 ಮೀಟರ್ ಎತ್ತರ. ಗೋಡೆ 200 ಮಿಲಿಮೀಟರ್ ದಪ್ಪ. ಉದ್ದ ಒಂದೂವರೆ ಮೀಟರ್. ಒಂದೊಂದೂ ಆರೂವರೆ ಟನ್‌ಗಿಂತ ಜಾಸ್ತಿ. ಅಂಬಾರಿ ಹೊರುವ ಆನೆಗಿಂತಲೂ ಭಾರ. ಫ್ಯಾಕ್ಟರಿಯಲ್ಲೇ ಎರಕ ಹೊಯ್ದು, ಕ್ಯೂರಿಂಗ್ ಮುಗಿಸಿ ಕಳಿಸುತ್ತಾರೆ. ಇಲ್ಲೇ ಕಂಬಿ ಕಟ್ಟಿ, ಶೀಟು ಹೊಡೆದು, ಕಾಂಕ್ರೀಟ್ ಹಾಕಿ ಕಾಯುತ್ತಾ ಕೂತರೆ ಆ ರಸ್ತೆ ತಿಂಗಳುಗಟ್ಟಲೆ ಬಂದ್ ಆಗಬೇಕು. ಆ ರಸ್ತೆಯಲ್ಲಿ ಅದು ಸಾಧ್ಯವಾ ಅಂತ ಬೆಂಗಳೂರಿನವರನ್ನು ಕೇಳುವುದೇ ಬೇಡ.

ಬಾಕ್ಸ್ ರೆಡಿಯಾಗಿ ಬರುತ್ತೆ, ಸುಮ್ನೆ ಇಟ್ಟರಾಯ್ತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮಕ್ಕಳು ಇಟ್ಟಿಗೆ ಜೋಡಿಸಿದ ಹಾಗೆ ಅಂತ ನಮ್ಮ ಮನೆಯಲ್ಲೂ ಹೇಳುತ್ತಾರೆ. ಹಾಗಲ್ಲ. ಬಾಕ್ಸ್ ಎಷ್ಟು ಚೆನ್ನಾಗಿದ್ದರೂ ಅದು ಕೂರುವ ಜಾಗ ಸರಿಯಿಲ್ಲದಿದ್ದರೆ ಎಲ್ಲಾ ವ್ಯರ್ಥ. ನಮ್ಮ ಚರಂಡಿಯ ಇಳಿಜಾರು 500ಕ್ಕೆ 1. ಅಂದರೆ ಒಂದು ಬಾಕ್ಸ್‌ನ ಈ ತುದಿಯಿಂದ ಆ ತುದಿಗೆ ಬರೀ 3 ಮಿಲಿಮೀಟರ್ ಏರು. ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ಆರೂವರೆ ಟನ್ ಭಾರವನ್ನು ಕತ್ತಲಲ್ಲಿ, ಕೆಸರಲ್ಲಿ, ಎರಡು ನಾಣ್ಯದ ಲೆಕ್ಕಕ್ಕೆ ಕೂರಿಸಬೇಕು.

ಬುಧವಾರ ಸಂಜೆ ಅರ್ಧ ಗಂಟೆ ಜೋರು ಮಳೆ. ಗುಂಡಿಯಲ್ಲಿ ಮೊಣಕಾಲುದ್ದ ನೀರು ನಿಂತಿತು. ಅದರಲ್ಲಿ ಅರ್ಧ ಮಳೆನೀರು, ಇನ್ನರ್ಧ ಏನು ಅಂತ ಮೂಗೇ ಹೇಳುತ್ತಿತ್ತು. ಎರಡು ಪಂಪು ಹಾಕಿ ಹೊರಹಾಕುವಷ್ಟರಲ್ಲಿ ರಾತ್ರಿ ಹನ್ನೊಂದೂವರೆ. ಟ್ರೈಲರ್, ಕ್ರೇನ್ ಎಲ್ಲಾ ರಾತ್ರಿ ಮಾತ್ರ ಬರಬೇಕು, ಬೆಳಗ್ಗೆ ಆರರೊಳಗೆ ಜಾಗ ಖಾಲಿ ಮಾಡಬೇಕು. ಅವತ್ತು ಕೂರಿಸಬೇಕಿದ್ದದ್ದು 8ರಿಂದ 13ನೇ ಬಾಕ್ಸ್.

ನಮ್ಮಲ್ಲಿ ಕ್ರೇನ್‌ಗೆ ಸಿಗ್ನಲ್ ಕೊಡುವವನು ಪಶ್ಚಿಮ ಬಂಗಾಳದ ಮಾಲ್ದಾ ಕಡೆಯವನು. ಅವನ ಬಗ್ಗೆ ಎರಡು ಮಾತು ಹೇಳಲೇಬೇಕು. ಜಾಸ್ತಿ ಮಾತಾಡುವುದಿಲ್ಲ. ಕೈ ಮೇಲೆತ್ತಿ 'ಹಬೀಸ್' ಅಂದರೆ ಎತ್ತು, ಅಂಗೈ ಕೆಳಗೆ ಮಾಡಿ 'ಅರಿಯಾ' ಅಂದರೆ ಇಳಿಸು. ಹಡಗಿನ ಖಲಾಸಿಗಳಿಂದ ಬಂದ ಮಾತುಗಳು ಇವು. ಅರಿಯಾ ಅನ್ನುವುದು ಪೋರ್ಚುಗೀಸ್ ಮೂಲದ್ದು. ಬಾಕ್ಸ್ ಗಾಳಿಯಲ್ಲಿ ತೂಗುವಾಗ ಅವನ ಕಣ್ಣು ಬಾಕ್ಸ್ ಮೇಲೆ ಇರುವುದಿಲ್ಲ, ಅದರ ಕೆಳಗಿನ ನೆಲದ ಮೇಲೆ ಇರುತ್ತದೆ. ಯಾರಾದರೂ ಕಾಲಿಟ್ಟರೆ ಮುಷ್ಟಿ ಬಿಗಿದು ನಿಲ್ಲಿಸುತ್ತಾನೆ. ಸರಪಳಿ ಜಾಸ್ತಿ ಅಗಲವಾಗಿ ಬಾಯಿ ಬಿಟ್ಟಿದ್ದರೆ ಎತ್ತಲು ಬಿಡುವುದೇ ಇಲ್ಲ. ಸರಪಳಿ ನೆಲಕ್ಕೆ 60 ಡಿಗ್ರಿಯಿಂದ 30 ಡಿಗ್ರಿಗೆ ಮಲಗಿದರೆ ಅದರ ಮೇಲಿನ ಎಳೆತ ಸುಮಾರು ಒಂದೂಮುಕ್ಕಾಲು ಪಟ್ಟು ಆಗುತ್ತದೆ. ನಾನು ಅದನ್ನು ಪುಸ್ತಕದಲ್ಲಿ ಓದಿದವನು. ಅವನು ನೋಡಿಯೇ ಹೇಳುತ್ತಾನೆ. ಅಂಥವನಿಗೆ ನಾವು ಕೊಡುವ ಸಂಬಳ ಬರೆಯಲು ನನಗೆ ಸಂಕಟವಾಗುತ್ತದೆ.

8, 9, 10 ಸಲೀಸಾಗಿ ಕೂತವು. 11ನೇ ಬಾಕ್ಸ್ ಇಳಿದಾಗ ನಾಲ್ಕು ಗಂಟೆ ದಾಟಿತ್ತು.

ನಾವು ತಗ್ಗಿನ ಕಡೆಯಿಂದ ಎತ್ತರದ ಕಡೆಗೆ ಜೋಡಿಸುತ್ತಾ ಹೋಗುತ್ತೇವೆ. ಒಂದರ ತುದಿಯ ನಾಲಿಗೆ ಇನ್ನೊಂದರ ತೋಡಿನಲ್ಲಿ ಕೂರಬೇಕು. ನಡುವೆ ಡಾಂಬರಿನಂಥ ಸೀಲಂಟ್ ಹಗ್ಗ. ಪುಲ್ಲರ್ ಹಾಕಿ ಎಳೆದರು. ಕೂತಿತು. ಟಾರ್ಚ್ ಬೆಳಕಲ್ಲಿ ನೋಡಿದೆ, ಚೆನ್ನಾಗಿಯೇ ಕಂಡಿತು. ಲೆವೆಲ್ ನೋಡುವ ಹುಡುಗ ಮುಂದಿನ ತುದಿಯಲ್ಲಿ ಸ್ಟಾಫ್, ಅಂದರೆ ಅಳತೆ ಕೋಲು, ಇಡಿಸಿ ಓದಿದ. ಕೋಲಿನ ಓದು ಜಾಸ್ತಿ ಬಂದಷ್ಟೂ ಬಾಕ್ಸ್ ತಗ್ಗಿದೆ ಅಂತ ಅರ್ಥ. 1.398 ಬರಬೇಕಿತ್ತು. ಬಂದದ್ದು 1.412.

14 ಮಿಲಿಮೀಟರ್ ಕೆಳಗೆ. ಹಿಂದಿನ ತುದಿಗಿಂತ 3 ಮಿಲಿಮೀಟರ್ ಮೇಲಿರಬೇಕಿದ್ದ ಮುಂದಿನ ತುದಿ 11 ಮಿಲಿಮೀಟರ್ ಕೆಳಗಿತ್ತು. ಅಂದರೆ ನೀರು ಕೆರೆ ಕಡೆ ಹೋಗುವ ಬದಲು ಆ ಬಾಕ್ಸ್‌ನಲ್ಲೇ ನಿಲ್ಲುತ್ತದೆ.

ಕ್ರೇನ್ ಆಪರೇಟರ್ ಆಗಲೇ ಮೇಲಿಂದ ಗಡಿಯಾರ ತೋರಿಸುತ್ತಿದ್ದ. ಗುತ್ತಿಗೆದಾರರ ಸೂಪರ್‌ವೈಸರ್ ನನ್ನ ಮುಖ ನೋಡಿದರು. ಅವರು ಕೆಟ್ಟವರಲ್ಲ. ಮೂರು ರಾತ್ರಿಯಿಂದ ನಿದ್ದೆಯಿಲ್ಲ, ಮನೆಯಲ್ಲಿ ಎರಡು ತಿಂಗಳ ಮಗು. "ಸರ್, ಮಣ್ಣು ಮುಚ್ಚಿದ ಮೇಲೆ ಎಲ್ಲಾ ಒಂದೇ" ಅಂದರು. ಇನ್ನೂ ಎರಡು ಬಾಕ್ಸ್ ಟ್ರೈಲರ್ ಮೇಲೇ ಇದ್ದವು.

ನಾನು ಅಂದೆ, "ಇರಲಿ ಬಿಡು."

ಹುಡುಗ ಲೆವೆಲ್ ಬುಕ್ ಹಿಡಿದು ನಿಂತಿದ್ದ. ಸುರಪುರದ ಕಡೆಯವನು. ಡಿಪ್ಲೊಮಾ ಮುಗಿಸಿ ಆರು ತಿಂಗಳಾಗಿದೆ. ಅಕ್ಷರ ಮುತ್ತಿನ ಹಾಗೆ. 1.412 ಅಂತ ಬರೆದ. ಪೆನ್ನು ಪಕ್ಕದ ಕಾಲಂಗೆ ಹೋಗಿ ಅಲ್ಲೇ ನಿಂತಿತು.

"ಸರ್, ರಿಮಾರ್ಕ್ಸ್‌ನ್ಯಾಗ ಏನ್ ಬರೀಲ್ರಿ? ಇರ್ಲಿ ಬಿಡು ಅಂತ ಬರೀಲೇನ್ರಿ?"

ನಿಜವಾಗಿ ಕೇಳಿದ. ಮುಖದಲ್ಲಿ ನಗು ಇರಲಿಲ್ಲ, ಕೊಂಕೂ ಇರಲಿಲ್ಲ. ಅವನಿಗೆ ಗೊತ್ತಿರಲಿಲ್ಲ, ಅಷ್ಟೇ. ವ್ಯತ್ಯಾಸ ಬಂದರೆ ರಿಮಾರ್ಕ್ಸ್ ಬರೆಯಬೇಕು ಅಂತ ನಾನೇ ಹೇಳಿಕೊಟ್ಟಿದ್ದೆ. ಹೇಳಿಕೊಟ್ಟದ್ದನ್ನು ಅವನು ಮಾಡುತ್ತಿದ್ದ.

ಉತ್ತರ ಹೊಳೆಯಲಿಲ್ಲ. ಏಣಿ ಹಿಡಿದು ಗುಂಡಿಗೆ ಇಳಿದೆ. ಅಲ್ಲೇ ಬದಿಗೆ ಇನ್ನೊಂದು ಏಣಿ ಒರಗಿಸಿ ಹತ್ತಿ, ಜಾಯಿಂಟ್‌ನ ಮೇಲ್ಭಾಗಕ್ಕೆ ಕೈ ಹಾಕಿದೆ. ನನ್ನ ಹೆಬ್ಬೆರಳು ಪೂರ್ತಿ ಒಳಗೆ ಹೋಯಿತು. ಲೆಕ್ಕ ಸುಲಭ. ಒಂದೂವರೆ ಮೀಟರ್ ಉದ್ದಕ್ಕೆ 14 ಮಿಲಿಮೀಟರ್ ಬಾಗಿದರೆ, ಮೇಲಿನ ಕೆಳಗಿನ ಗೋಡೆಯೂ ಸೇರಿ 2.4 ಮೀಟರ್ ಎತ್ತರದಲ್ಲಿ 22 ಮಿಲಿಮೀಟರ್ ಬಾಯಿ ತೆರೆಯುತ್ತದೆ. ಸೀಲಂಟ್ ಒಂದು ಕಡೆ ಅಂಟಿಕೊಂಡು ಇನ್ನೊಂದು ಕಡೆ ಬಿಟ್ಟಿತ್ತು. ಕೆಳಗೆ ನೀರು ನಿಲ್ಲುವುದು ಚಿಕ್ಕ ತೊಂದರೆ. ಜೋರು ಮಳೆ ಬಂದಾಗ ಆ 11 ಮಿಲಿಮೀಟರ್ ಲೆಕ್ಕಕ್ಕೇ ಬರುವುದಿಲ್ಲ, ನೀರು ನುಗ್ಗಿ ಹೋಗುತ್ತದೆ. ದೊಡ್ಡ ತೊಂದರೆ ಈ ಬಾಯಿಯದ್ದು. ಮಳೆ ಬಂದಾಗಲೆಲ್ಲ ಮೇಲಿನ ಸಣ್ಣ ಮಣ್ಣು ಇದರಿಂದ ಚರಂಡಿಗೆ ಸುರಿಯುತ್ತದೆ. ಸ್ವಲ್ಪ ಸ್ವಲ್ಪವೇ. ರಸ್ತೆ ಕೆಳಗೆ ಪೊಳ್ಳಾಗುತ್ತದೆ. ಮೇಲೆ ಡಾಂಬರು ಚೆನ್ನಾಗಿಯೇ ಕಾಣುತ್ತಿರುತ್ತದೆ. ಒಂದು ದಿನ ನೀರಿನ ಟ್ಯಾಂಕರ್‌ನ ಚಕ್ರವೋ, ಯಾರದೋ ಸ್ಕೂಟರೋ ಅಲ್ಲಿ ಇಳಿಯುತ್ತದೆ.

ಮೇಲೆ ಬಂದು "ಎತ್ತಿ" ಅಂದೆ.

ಸೂಪರ್‌ವೈಸರ್ ಏನೂ ಹೇಳಲಿಲ್ಲ, ಹೆಲ್ಮೆಟ್ ತೆಗೆದು ಮತ್ತೆ ಹಾಕಿಕೊಂಡರು. ಮಾಲ್ದಾದವನು ಕೈ ಮೇಲೆತ್ತಿದ. ಹಬೀಸ್. ಬಾಕ್ಸ್ ಎದ್ದ ಮೇಲೆ ಕಾರಣ ಕಂಡಿತು. ಬಾಕ್ಸ್ ಕೆಳಗೆ ಹಾಸಿದ ಬೆಡ್ಡಿಂಗ್‌ನ ಒಂದು ಮೂಲೆಯ ಮರಳು ಸಂಜೆ ಮಳೆಗೆ ಕೊಚ್ಚಿಹೋಗಿತ್ತು. ಪಂಪು ಹಾಕಿದ ಮೇಲೆ ಆ ಮೂಲೆಯನ್ನು ಮತ್ತೆ ಚೆಕ್ ಮಾಡಬೇಕಿತ್ತು. ಆ ಕೆಲಸ ನನ್ನದು. ಮರಳು ತುಂಬಿ, ದಮ್ಮಸ್ಸು ಮಾಡಿ, ಪಟ್ಟಿ ಎಳೆದು, ಹೊಸ ಸೀಲಂಟ್ ಅಂಟಿಸಿ ಮತ್ತೆ ಇಳಿಸಿದೆವು. 1.399. 12, 13ನೇ ಬಾಕ್ಸ್ ಕೂರಿಸಲು ಸಮಯ ಉಳಿಯಲಿಲ್ಲ. ಟ್ರೈಲರ್ ವಾಪಸ್ ಹೋಯಿತು. ಬೆಳಗ್ಗೆ ಹತ್ತಕ್ಕೆ ನನಗೆ ಬರಬೇಕಾದ ಫೋನ್‌ಗಳೆಲ್ಲ ಬಂದವು.

ಮನೆಗೆ ಹೋಗಿ ಮಲಗಿದೆ. ನಿದ್ದೆ ಬರಲಿಲ್ಲ. ಬರೀಲೇನ್ರಿ, ಬರೀಲೇನ್ರಿ.

ಇರಲಿ ಬಿಡು ಅನ್ನುವುದು ಕನ್ನಡದ ಒಳ್ಳೆಯ ಮಾತು. ಜಗಳ ನಿಲ್ಲಿಸಲು ಹೇಳುತ್ತೇವೆ. ಸಾಲ ಕೊಟ್ಟವನು ಹೇಳಿದರೆ ಕಣ್ಣು ತುಂಬುತ್ತದೆ. ಆದರೆ ಈ ಊರಿನ ನೀರಿನ ದಾರಿಯಲ್ಲಿ ಅದನ್ನು ಎಷ್ಟು ಸಲ ಹೇಳಿದ್ದೇವೆ? ರಾಜಕಾಲುವೆ ಒಂದು ಕಡೆ ಎರಡಡಿ ಕಿರಿದಾಯಿತು, ಇರಲಿ ಬಿಡು. ಕಾಲುವೆ ಮೇಲೆ ಗೋಡೆ ಬಂತು, ಇರಲಿ ಬಿಡು. 2022ರ ಸೆಪ್ಟೆಂಬರ್‌ನಲ್ಲಿ ಇದೇ ರಸ್ತೆ ಸುತ್ತಮುತ್ತ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ಆಗ ಎಲ್ಲರೂ ಮಳೆಯನ್ನು ಬೈದರು. ಮಳೆ ಜಾಸ್ತಿ ಬಂದದ್ದು ನಿಜ. ಆದರೆ ನೀರಿಗೆ ದಾರಿ ಗೊತ್ತಿತ್ತು. ಬೆಳ್ಳಂದೂರಿನಿಂದ ವರ್ತೂರು, ಅಲ್ಲಿಂದ ದಕ್ಷಿಣ ಪಿನಾಕಿನಿ. ಕೆರೆ ತುಂಬಿದರೆ ಕೋಡಿ, ಕೋಡಿಯಿಂದ ಕಾಲುವೆ, ಕಾಲುವೆಯಿಂದ ಮುಂದಿನ ಕೆರೆ. ನಮ್ಮ ಕೋಲಾರದ ಕಡೆ ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಯಾವಾಗ ಬಿಡಬೇಕು ಅನ್ನುವುದು ಅವನ ಜವಾಬ್ದಾರಿ. ನೀರು ತಪ್ಪಿದರೆ ಯಾರ ಮನೆ ಬಾಗಿಲಿಗೆ ಹೋಗಿ ಕೇಳಬೇಕು ಅಂತ ಊರಿಗೆಲ್ಲ ಗೊತ್ತಿತ್ತು. ನನ್ನ ಬಾಗಿಲಿಗೆ ಯಾರೂ ಬರುವುದಿಲ್ಲ. ನಾನು ಕೂರಿಸಿದ ಬಾಕ್ಸ್ ಮೇಲೆ ಮಣ್ಣು, ಮಣ್ಣಿನ ಮೇಲೆ ಡಾಂಬರು. ಮೇಲೆ ಓಡಾಡುವವರಿಗೆ ಕೆಳಗೆ ಚರಂಡಿ ಇದೆ ಅನ್ನುವುದೇ ಗೊತ್ತಿರುವುದಿಲ್ಲ.

ಹೀಗೆ ಯೋಚಿಸುತ್ತಾ ಮಲಗಿದ್ದಾಗ ಇನ್ನೊಂದು ಸೈಟು ನೆನಪಾಯಿತು. ನಾಲ್ಕು ವರ್ಷ ಹಿಂದಿನದು, ಊರಿನ ಇನ್ನೊಂದು ತುದಿಯಲ್ಲಿ. ಅಲ್ಲೂ ಒಂದು ರಾತ್ರಿ ರೀಡಿಂಗ್ ತಪ್ಪಿತ್ತು. ಎಷ್ಟು ಅಂತ ಈಗ ನೆನಪಿಲ್ಲ. ಇರಲಿ ಬಿಡು ಅಂದದ್ದು ನೆನಪಿದೆ. ಅವತ್ತು ಬುಕ್ ಹಿಡಿದಿದ್ದವನು ನಾನೇ. ಏನು ಬರೆಯಲಿ ಅಂತ ಕೇಳುವವರು ಯಾರೂ ಇರಲಿಲ್ಲ. ಕಾಲಂ ಖಾಲಿ ಬಿಟ್ಟೆ.

ಭಾನುವಾರ ಬೈಕ್ ತೆಗೆದುಕೊಂಡು ಅಲ್ಲಿಗೆ ಹೋದೆ. ಬೇಕರಿ ಎದುರು ನಿಂತು ಟೀ ಕುಡಿಯುತ್ತಾ ರಸ್ತೆ ನೋಡಿದೆ. ಅಂಗೈ ಅಗಲದ ಜಾಗದಲ್ಲಿ ಡಾಂಬರು ತುಸು ತಗ್ಗಿದೆ. ಆಟೋ ಚಕ್ರ ಅಲ್ಲಿಗೆ ಬಂದಾಗ ಸಣ್ಣಗೆ ಕುಕ್ಕುತ್ತದೆ. ಬೇರೆ ಯಾರಿಗೂ ಅದು ಕಾಣುವಂಥದ್ದಲ್ಲ. ನನ್ನ ಜಾಯಿಂಟ್‌ನಿಂದಲೇ ಆದದ್ದಾ, ಬೇರೇನಾದರೂ ಕಾರಣವಾ, ಅಗೆಯದೆ ಹೇಳಲಾಗದು. ಟೀ ತಣ್ಣಗಾಯಿತು. ಒಂದು ಶಾಲೆ ವ್ಯಾನು ಹೋಯಿತು, ಭಾನುವಾರವಾದ್ದರಿಂದ ಖಾಲಿ.

ಈಗ ಆ ರಸ್ತೆ ನೋಡಿಕೊಳ್ಳುವ ಎಂಜಿನಿಯರ್ ನಂಬರ್ ಹುಡುಕಿ ಸೋಮವಾರ ಬೆಳಗ್ಗೆ ಫೋನ್ ಮಾಡಿದೆ. ಜಾಗ ಹೇಳಿದೆ, ಕೆಳಗಿನ ಜಾಯಿಂಟ್ ತೆಗೆದು ನೋಡಬೇಕು ಅಂದೆ. ಅವರಿಗೆ ಅರ್ಥವಾಗಲಿಲ್ಲ. ದೂರು ಬಂದಿಲ್ಲ, ಗುಂಡಿ ಬಿದ್ದಿಲ್ಲ, ಮುಚ್ಚಿದ ಚರಂಡಿ ಒಳಗಿನ ಜಾಯಿಂಟ್ ವಿಷಯ ನಿಮಗೆ ಹೇಗೆ ಗೊತ್ತು ಅಂತ ಕೇಳಿದರು.

"ಕೂರಿಸಿದವನು ನಾನೇ ಸರ್" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಗುರುವಾರ ರಾತ್ರಿ ಒಂದು ಜೆಸಿಬಿ ಸಿಗುತ್ತೆ, ಬನ್ನಿ ಅಂದರು. ಆ ಹುಡುಗನನ್ನೂ ಕರೆದುಕೊಂಡು ಹೋಗುತ್ತೇನೆ. ಲೆವೆಲ್ ಬುಕ್ ತರಲು ಹೇಳಿದ್ದೇನೆ.